ಒಣಗಿಸಿ ತೆಗೆದ ಫೋಟೋ ಎಲ್ಲಿ?

ಲೈಟ್‌ಹೌಸ್ ಹಿಲ್‌ನಲ್ಲೊಂದು, ದೇರಳಕಟ್ಟೆಯಲ್ಲಿ ಎರಡು, ಕುಂಟಿಕಾನದಲ್ಲಿ ಮತ್ತೊಂದು. ಇಷ್ಟು ಡೆಂಟಲ್ ಕಾಲೇಜು ಇರುವ ಮಂಗಳೂರಲ್ಲಿ ಹಲ್ಲಿಗೆ ತಂತಿ ಹಾಕಿಸುವುದು ದೊಡ್ಡ ಸುದ್ದಿಯಲ್ಲ. ಕ್ಲಿನಿಕ್ ಗೋಡೆಯ 'ಮೊದಲು–ನಂತರ' ಫೋಟೋಗಳೂ ಹೊಸತಲ್ಲ. ನನ್ನ ತಕರಾರು ಆ ಫೋಟೋಗಳ ಬಗ್ಗೆಯೇ.

'ನಂತರ'ದಲ್ಲಿ ಹಲ್ಲಿನ ಸಾಲು ನೇರ ಇರ್ತದೆ, ಸರಿ. ಆದರೆ ತಂತಿ ತೆಗೆದ ಎಷ್ಟೋ ಜನರಿಗೆ ಬ್ರಾಕೆಟ್ ಇದ್ದ ಜಾಗದ ಸುತ್ತ ಸುಣ್ಣ ತಾಗಿದ ಹಾಗೆ ಬಿಳಿ ಕಲೆ ಉಂಟಲ್ಲ, ಅದೆಲ್ಲಿ? ಬ್ರಷ್ ತಲುಪದ ಕಡೆ ಪ್ಲಾಕ್ ಕೂತು, ಅದರ ಬ್ಯಾಕ್ಟೀರಿಯಾ ಸಕ್ಕರೆಯಿಂದ ಆಮ್ಲ ಮಾಡಿ, ಎನಾಮೆಲ್‌ನ ಕ್ಯಾಲ್ಸಿಯಂ ಕರಗಿಸ್ತದೆ. ನಾಲ್ಕು ವಾರದಲ್ಲೇ ಕಲೆ ಕಾಣಿಸಬಹುದು. ಹುಳುಕಿನ ಮೊದಲ ಹೆಜ್ಜೆ ಅದು.

ತಮಾಷೆ ನೋಡಿ, ಈ ಕಲೆ ಎಂಜಲಲ್ಲಿ ಒದ್ದೆಯಾಗಿದ್ದರೆ ಮಂಕು, ಗಾಳಿ ಹಾಯಿಸಿ ಒಣಗಿಸಿದರೆ ಢಾಳು. ಬೆಳಕನ್ನು ಬಗ್ಗಿಸುವ ಲೆಕ್ಕದಲ್ಲಿ ಎನಾಮೆಲ್ 1.62, ನೀರು 1.33, ಗಾಳಿ 1. ಕರಗಿ ಉಳಿದ ಸೂಕ್ಷ್ಮ ರಂಧ್ರಗಳಲ್ಲಿ ನೀರಿನ ಬದಲು ಗಾಳಿ ತುಂಬಿದರೆ ಬೆಳಕು ಹೆಚ್ಚು ಚದುರಿ ಬಿಳಿ ಎದ್ದು ಕಾಣ್ತದೆ. ಅಂದರೆ ಒಂದೇ ಹಲ್ಲಿಗೆ, ಒಂದೇ ನಿಮಿಷದಲ್ಲಿ, ಎರಡು 'ನಂತರ' ಸಾಧ್ಯ ಮಾರಾಯ್ರೆ!

ನಗುವಿನ ಅಂದ ಅಳೆಯುವ ಅಧ್ಯಯನಗಳಲ್ಲೂ ಹೆಚ್ಚಾಗಿ ಫೋಟೋವೇ ಸಾಕ್ಷಿ, ಅನೇಕ ಸಲ ಬರೀ ತುಟಿ–ಹಲ್ಲು ಕತ್ತರಿಸಿದ್ದು. 1999ರಲ್ಲಿ ಅಮೆರಿಕದ ಕೊಕಿಚ್ ಮತ್ತು ಸಂಗಡಿಗರು ತೋರಿಸಿದ ಹಾಗೆ, ಹಲ್ಲಿನ ಮಧ್ಯರೇಖೆ 4 ಮಿಲಿಮೀಟರ್ ಸರಿದರೂ ಸಾಮಾನ್ಯರಿಗೆ ಅದು ಕುಂದಾಗಿ ಕಾಣಲಿಲ್ಲ. ತಂತಿ ತಜ್ಞರಿಗೆ ಕಂಡಿತು. ಬಿಳಿ ಕಲೆಗೆ ಈ ರಿಯಾಯಿತಿ ಸಿಗಲಿಕ್ಕಿಲ್ಲ ಅಂತ ನನ್ನ ಅಂದಾಜು. ಬಣ್ಣ ನೋಡಲು ಸ್ಕೇಲು ಬೇಡ. ಎರಡು ವರ್ಷ ಸಹಿಸಿ ಪಡೆದ ಸಾಲನ್ನು ಬಿಟ್ಟು ಕಣ್ಣು ಕಲೆಗೇ ಹೋದರೆ, ಆ ಖರ್ಚು ಎಂತಕ್ಕೆ?

(ಪಾವಗಡ, ಮುಂಡರಗಿ ಕಡೆ ಫ್ಲೋರೈಡ್ ನೀರು ಕುಡಿದು ಹಲ್ಲು ಕಲೆಯಾದವರ ನಗುವಿಗೆ ಅಂಕ ಕೊಡಲು ಇಷ್ಟು ಉತ್ಸಾಹ ಕಾಣ್ಲಿಲ್ಲ. ಇರ್ಲಿ.)

ರೋಸ್‌ಗೋ ಮೆಹಂದಿಗೋ ವಾರ ಇರುವಾಗ ಬ್ಲೀಚ್ ಮಾಡಿಸಲು ಓಡುವವರಿದ್ದಾರೆ. ಬ್ಲೀಚ್ ಸುತ್ತಲಿನ ಹಲ್ಲನ್ನು ಬಿಳಿ ಮಾಡಿ ಕಲೆಯನ್ನು ಮರೆಸಬಹುದು, ಕಳೆದ ಖನಿಜ ವಾಪಸ್ ಕೊಡುವುದಿಲ್ಲ. ಚೊಕ್ಕ ಬ್ರಷಿಂಗ್, ಫ್ಲೋರೈಡ್ ಪೇಸ್ಟ್, ಕೆಲವು ತಿಂಗಳ ತಾಳ್ಮೆ ಇದ್ದರೆ ಎಂಜಲೇ ಸ್ವಲ್ಪ ರಿಪೇರಿ ಮಾಡ್ತದೆ. ಉಳಿದದ್ದಕ್ಕೆ ರಂಧ್ರದೊಳಗೆ ರೆಸಿನ್ ಇಳಿಸುವ ವಿಧಾನ ಉಂಟು. ರೆಸಿನ್‌ನ ಲೆಕ್ಕ ಎನಾಮೆಲ್‌ಗೆ ಹತ್ತಿರ, ಹಾಗಾಗಿ ಕಲೆ ಬೆರೆತುಹೋಗ್ತದೆ.

ತಂತಿ ಹಾಕಿಸುವ ಮೊದಲು ಡಾಕ್ಟರ ಹತ್ತಿರ ಒಂದೇ ಕೇಳಿ: ತಂತಿ ತೆಗೆದು ಆರು ತಿಂಗಳಾದ, ಒಣಗಿಸಿ ತೆಗೆದ ಫೋಟೋ ಉಂಟಾ?