ಉಪೇಕ್ಷಾರ್ಥಕ ಕ್ರಿಯಾಪದಗಳ ವಿವೇಚನೆ

ಒಂದು ವಸ್ತುವನ್ನಾಗಲಿ ಕರ್ತವ್ಯವನ್ನಾಗಲಿ ನೋಡಿಕೊಳ್ಳದೆ ಬಿಡುವುದನ್ನು ಹೇಳಬೇಕಾದಾಗ ಈಚಿನ ಭಾಷಾಂತರಕಾರರು ಬಹುಮಟ್ಟಿಗೆ ‘ನಿರ್ಲಕ್ಷಿಸು’ ಎಂಬುದೊಂದನ್ನೇ ಹಿಡಿದಿರುವರು. ಉಪೇಕ್ಷಿಸು, ಅಲಕ್ಷಿಸು, ಕಡೆಗಣಿಸು ಎಂಬಿವು ಅದರ ಪರ್ಯಾಯಗಳೆಂದೇ ಅವರಲ್ಲಿ ಗಣಿತವಾಗಿವೆ. ಇದು ವಿಚಾರಣೀಯವು. ದೂರದ ಸ್ಪ್ಯಾನಿಷ್ ಭಾಷೆಯಲ್ಲಿ ಕೂಡ ಜೋಪಾನ ತಪ್ಪುವುದಕ್ಕೆ ‘ದೆಸ್ಕುಯಿದಾರ್’ ಎಂದೂ, ಗಮನ ಕೊಡದಿರುವುದಕ್ಕೆ ‘ದೆಸಾತೆಂದೆರ್’ ಎಂದೂ ಬೇರೆ ಬೇರೆ ಕ್ರಿಯಾಪದಗಳಿರುವುವು.

‘ಉಪೇಕ್ಷೆ’ಯು ಈಕ್ಷಣಮೂಲವಾದ ಶಬ್ದವು. ಕಾಣದವನಿಗೆ ಉಪೇಕ್ಷೆಯಿಲ್ಲ, ಕಂಡೂ ಕೈಹಾಕದಿರುವವನಿಗೇ ಅದು ಸಲ್ಲುವುದು. ಆದುದರಿಂದಲೇ ಯೋಗಸೂತ್ರವು ಮೈತ್ರೀ ಕರುಣಾ ಮುದಿತೆಗಳೊಡನೆ ಅದನ್ನು ಚಿತ್ತಪ್ರಸಾದನಕ್ಕೆ ಸಾಧನವೆಂದು ಎಣಿಸಿತು. ಕಾಮಂದಕನು ಸಾಮಾದಿ ನಾಲ್ಕರ ಮೇಲೆ ಮಾಯೆ, ಇಂದ್ರಜಾಲಗಳ ಸಾಲಿನಲ್ಲಿ ಅದನ್ನು ರಾಜೋಪಾಯವೆಂದನು. ಧರ್ಮಶಾಸ್ತ್ರದಲ್ಲಿಯಂತೂ ಉಪೇಕ್ಷೆಗೆ ಬೆಲೆ ತೆರಬೇಕಾಗುವುದು. ತನ್ನ ಭೂಮಿಯನ್ನು ಪರನು ಅನುಭವಿಸುತ್ತಿರುವುದನ್ನು ನೋಡುತ್ತಲೂ ಮಾತನಾಡದಿದ್ದ ಒಡೆಯನಿಗೆ 20 ವರ್ಷಗಳಲ್ಲಿ, ಇತರ ಧನದಲ್ಲಾದರೆ 10 ವರ್ಷಗಳಲ್ಲಿ, ಹಾನಿಯೆಂದು ಯಾಜ್ಞವಲ್ಕ್ಯವಚನವಿದೆ. ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಆ ಹಾನಿಯನ್ನು ಸ್ವತ್ವಕ್ಕೆ ಹತ್ತಗೊಡದೆ ಫಲಕ್ಕೆ ಮಾತ್ರ ನಿಲ್ಲಿಸಿದನಾದರೂ, ಒಡೆಯನು ನೋಡುತ್ತಿದ್ದನೆಂಬ ಅಂಶವನ್ನು ಬಿಡಲಿಲ್ಲ.

ಹೀಗಿರಲು, ಧಾರವಾಡದ ಮಗ್ಗುಲ ಲಕಮನಹಳ್ಳಿಯಲ್ಲಿ ಹೊಲವಿದ್ದವನೊಬ್ಬನ ವಿಷಯವಾಗಿ ‘ಹೊಲವನ್ನು ಉಪೇಕ್ಷಿಸಿದನು’ ಎಂದು ಕಾಗದಪತ್ರದಲ್ಲಿ ಬರೆದರೆ, ಅವನು ಎಲ್ಲವನ್ನೂ ಬಲ್ಲನೆಂದು ಸಾಕ್ಷಿ ನುಡಿದಂತಾಗುವುದು. ಪರಸ್ಥಳದಲ್ಲಿದ್ದು ಏನೂ ಅರಿಯದವನ ಮೇಲೆ ಆ ಮಾತನ್ನು ಹೊರಿಸುವುದು ಅನ್ಯಾಯವು. ಅವನದು ಹೆಚ್ಚೆಂದರೆ ಅನವಧಾನ. ಉಳದೆ ಬಿಟ್ಟುದಷ್ಟೇ ವಿವಕ್ಷಿತವಾಗಿದ್ದರೆ ಒಕ್ಕಲಿಗನ ‘ಬೀಳುಬಿಡು’ ಎಂಬ ಮಾತಿಗೆ ಯಾವ ತತ್ಸಮವೂ ಸಮವಾಗದು. ಪಂಡಿತರು ಈ ಮಾತನ್ನು ಗ್ರಾಮ್ಯವೆಂದು ದೂರವಿಟ್ಟಿರುವುದು ಶೋಚನೀಯವು.

‘ನಿರ್ಲಕ್ಷ್ಯ’ವಾದರೋ ಸಂಸ್ಕೃತದಲ್ಲಿ ಕಣ್ಣಿಗೆ ಬೀಳದ ವಸ್ತುವನ್ನು ಹೇಳುವುದೇ ಹೊರತು ನೋಡದ ಮನುಷ್ಯನ ದೋಷವನ್ನಲ್ಲ. ‘ಅಲಕ್ಷ್ಯ’ದ ಗತಿಯೂ ಅದೇ. ಲಕ್ಷ್ಯಕ್ಕೆ ಗಮನವೆಂಬರ್ಥವು ದೇಶಭಾಷೆಗಳಲ್ಲಿ ಬಲಿತುದು. ಮರಾಠಿಯ ನೆರೆಯ ಧಾರವಾಡದ ಸೀಮೆಯಲ್ಲಿ ‘ದುರ್ಲಕ್ಷ’ವೂ ಬಳಕೆಯಲ್ಲಿದೆ. ರೂಢಿಯು ಯೋಗಕ್ಕಿಂತ ಬಲವತ್ತರವಾದುದರಿಂದ ಇವನ್ನು ಅಸಾಧುವೆಂದು ತಳ್ಳಲಾಗದು. ಆದರೆ ಗಮನವಿಲ್ಲದಿರುವಿಕೆಯನ್ನಷ್ಟೇ ಇವು ತಿಳಿಸಬಲ್ಲವು. ಕರ್ತೃವಿಗೆ ವಿಷಯವು ಗೊತ್ತಿತ್ತೋ ಇಲ್ಲವೋ ಎಂಬುದು ಇವುಗಳಿಂದ ಹೊರಡದು. ಮೂಲದಲ್ಲಿ ಅದು ಸಂದಿಗ್ಧವಾಗಿಯೇ ಇದ್ದಲ್ಲಿ ‘ನಿರ್ಲಕ್ಷಿಸು’ ಎಂಬುದೇ ಯುಕ್ತವು.

‘ಕಡೆಗಣಿಸು’ ಎಂಬುದನ್ನು ಕಣ್ಣಿನ ಕೊನೆಯೆಂಬ ಅರ್ಥದ ‘ಕಡೆಗಣ್’ ಶಬ್ದದಿಂದ ಸಾಧಿಸಿದರೂ, ಕಡೆಯಾಗಿ ಗಣಿಸುವುದೆಂದು ಬಿಡಿಸಿದರೂ, ತಿರಸ್ಕಾರದ ಛಾಯೆಯು ತಪ್ಪದು. ಆದರಕ್ಕೆ ಅರ್ಹವಾದುದನ್ನೇ ಕರ್ಮವಾಗಿ ಅದು ಬೇಡುವುದು. ಮುಪ್ಪಿನ ತಾಯಿಯನ್ನು ಮಗನು ಕಡೆಗಣಿಸುವನು, ಹಿರಿಯರ ಮಾತನ್ನು ಕಿರಿಯರು ಕಡೆಗಣಿಸುವರು. ಬಾವಿಯ ಹಗ್ಗವು ಸವೆದುದನ್ನು ಮಾತ್ರ ಯಾರೂ ಕಡೆಗಣಿಸರು, ನೋಡಿಕೊಳ್ಳದೆ ಬಿಡುವರು.