ಗೋಣಿತಟ್ಟಿನ ಹಿಂಬದಿ

ಚಿಲಿ ದೇಶದ ಆರ್ಪಿಯೇರಾಗಳ ಛಾಯಾಚಿತ್ರಗಳನ್ನು ಮೊದಲ ಸಲ ನೋಡಿದಾಗ ಅವು ನನಗೆ ಮಕ್ಕಳ ಪುಸ್ತಕದ ಪುಟಗಳಂತೆ ಕಂಡಿದ್ದವು. ಹಿಂದೆ ಆಂಡಿಸ್ ಪರ್ವತ, ಮೇಲೊಂದು ಸೂರ್ಯ, ಕೆಳಗೆ ಬಣ್ಣಬಣ್ಣದ ಮನೆಗಳು, ಪುಟ್ಟ ಬಟ್ಟೆ ಗೊಂಬೆಗಳು. ಆ ಗೊಂಬೆಗಳು ಏನು ಮಾಡುತ್ತಿವೆ ಎಂದು ಗಮನಿಸಿದ್ದು ಆಮೇಲೆ. ಒಂದರಲ್ಲಿ ಹೆಂಗಸರು ಬಾಗಿಲು ಮುಚ್ಚಿದ ಸಂಸತ್ ಭವನದ ಬೇಲಿಗೆ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡಿದ್ದಾರೆ. ಇನ್ನೊಂದರಲ್ಲಿ ಲೊಂಕೆನ್‌ನ ಸುಣ್ಣದ ಗೂಡುಗಳಿವೆ. 1973ರಲ್ಲಿ ಪೊಲೀಸರು ಹಿಡಿದೊಯ್ದ 15 ಮಂದಿಯ ಅವಶೇಷ 1978ರಲ್ಲಿ ಸಿಕ್ಕಿದ್ದು ಅಲ್ಲಿ.

ಆರ್ಪಿಯೇರಾ ಎಂದರೆ ಸ್ಪ್ಯಾನಿಷಿನಲ್ಲಿ ಗೋಣಿತಟ್ಟು. 1973ರ ಸೆಪ್ಟೆಂಬರ್ 11ರಂದು ಪಿನೊಚೆಯ ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ, ಗಂಡನೋ ಮಗನೋ ಕಾಣೆಯಾದ ಹೆಂಗಸರು, ದುಡಿಮೆ ನಿಂತುಹೋದ ಮನೆಗಳ ಹೆಂಗಸರು ಸ್ಯಾಂಟಿಯಾಗೊದಲ್ಲಿ ಒಟ್ಟಿಗೆ ಕೂತು ಹೊಲಿಯತೊಡಗಿದರು. 1976ರಲ್ಲಿ ಕ್ಯಾಥೊಲಿಕ್ ಚರ್ಚು ಸ್ಥಾಪಿಸಿದ ವಿಕಾರಿಯಾ ದೆ ಲಾ ಸೊಲಿದಾರಿದಾದ್ ಇವನ್ನು ಕೊಂಡು ಹೊರದೇಶಗಳಿಗೆ ದಾಟಿಸುತ್ತಿತ್ತು. ಚೀಲದ ಬಟ್ಟೆಯೇ ಬುಡ. ಮೇಲೆ ಹಳೆಬಟ್ಟೆಯ ಚೂರು, ಕೆಲವೊಮ್ಮೆ ಕಾಣೆಯಾದವನ ಅಂಗಿಯದೇ ಚೂರು. ನಮ್ಮ ಕೌದಿ ನೆನಪಾಗುತ್ತದೆ, ನಿಜ. ಆದರೆ ಕೌದಿ ಮನೆಯವರು ಹೊದೆಯಲಿಕ್ಕೆ. ಇದು ಎಲ್ಲೋ ದೂರದ ಅಪರಿಚಿತರು ನೋಡಲಿ ಎಂದು ಹೊಲಿದದ್ದು.

ಮಾರಾಟಕ್ಕೆಂದು ಹೊಲಿದ ದುಃಖ ದುಃಖವೇ? ಈ ಪ್ರಶ್ನೆ ನನ್ನನ್ನೂ ಕಾಡಿದೆ. ಅದೇ ಬೆಟ್ಟ, ಅದೇ ಸೂರ್ಯ ಮತ್ತೆ ಮತ್ತೆ ಬರುವಾಗ ಕೊಳ್ಳುವವರ ರುಚಿಗೆ ಎರಕ ಹೊಯ್ದಂತೆ ಅನ್ನಿಸುತ್ತದೆ. ಹಾಗಲ್ಲವೇ ಅಲ್ಲ ಎಂದು ವಾದಿಸಲಾರೆ. ಆದರೆ ಆ ದುಡ್ಡಿನಿಂದಲೇ ಮಕ್ಕಳ ಹೊಟ್ಟೆ ತುಂಬಬೇಕಿತ್ತು. ಎರಕಕ್ಕೂ ಬೇರೊಂದು ಉಪಯೋಗವಿತ್ತು. ಸೋಬಾನೆಯಲ್ಲಿ ಸೊಲ್ಲು ಗೊತ್ತಿದ್ದರೆ ಸಾಕು, ಹಾಡು ಬಾರದವಳೂ ದನಿಗೂಡಿಸುತ್ತಾಳೆ. ಇಲ್ಲಿ ಬೆಟ್ಟ ಮತ್ತು ಸೂರ್ಯ ಆ ಸೊಲ್ಲು. ಸೂಜಿ ಹಿಡಿದು ಅಭ್ಯಾಸವಿಲ್ಲದವಳೂ ಅದರ ಕೆಳಗೆ ತನ್ನ ಸಾಕ್ಷ್ಯ ಹೊಲಿಯಬಹುದಿತ್ತು. ಈ ಸೂರ್ಯನನ್ನು ಕಂಡೊಡನೆ 'ಆಶಾವಾದ' ಎಂದು ಷರಾ ಬರೆಯುವ ವಿಮರ್ಶೆ ನನಗೆ ಅವಸರದ್ದು ಅನ್ನಿಸುತ್ತದೆ. ಗಂಡ ಮನೆಗೆ ಬರದ ದಿನವೂ ಅಲ್ಲಿ ಸೂರ್ಯ ಹುಟ್ಟಿದ್ದನಲ್ಲ.

ಇದೇ ಕಲೆಯನ್ನು ಹಾಡುಗಾರ್ತಿ ವಿಯೊಲೆಟಾ ಪಾರಾ 1964ರಲ್ಲೇ ಪ್ಯಾರಿಸ್ಸಿನ ಲೂವ್ರ್‌ಗೆ ಒಯ್ದಿದ್ದಳು. ಅವಳ ಹೊಲಿಗೆಗೆ ಅವಳ ಹೆಸರಿತ್ತು. ಈ ಹೆಂಗಸರು ಹೆಸರು ಹಾಕಲಿಲ್ಲ, ಹಾಕಿದರೆ ಮನೆಬಾಗಿಲಿಗೆ ಪೊಲೀಸರು ಬರುತ್ತಿದ್ದರು. ಅದನ್ನು 'ಅನಾಮಿಕ ಜನಪದ ಕಲೆ' ಎಂದು ಕರೆದರೆ ಭಯವನ್ನು ಸಂಪ್ರದಾಯವೆಂದು ತಪ್ಪು ಓದಿದಂತೆ.

ಹಲವು ಆರ್ಪಿಯೇರಾಗಳ ಹಿಂಬದಿಯಲ್ಲಿ ಒಂದು ಪುಟ್ಟ ಜೇಬು ಹೊಲಿದಿರುತ್ತಿತ್ತು. ಒಳಗೊಂದು ಚೀಟಿ, ಚಿತ್ರದಲ್ಲಿರುವುದು ಏನು ಎಂದು ಹೊಲಿದವಳೇ ಬರೆದದ್ದು. ಚೌಕಟ್ಟು ಹಾಕಿ ಗೋಡೆಗೆ ತೂಗಿದರೆ ಮೊದಲು ಮುಚ್ಚಿಹೋಗುವುದು ಅದೇ. ನಾನು ಈವರೆಗೆ ನೋಡಿದ ಛಾಯಾಚಿತ್ರಗಳೆಲ್ಲ ಮುಂಬದಿಯವು.