ಹಿಡಿದೂ ಹಿಡಿಯದ ಕೈ

ಡಿಸ್ಕೋ ಎಂದ ಕೂಡಲೇ ನಮ್ಮ ತಲೆಮಾರಿನವರ ಕಣ್ಣ ಮುಂದೆ ಬಂದು ನಿಲ್ಲುವುದು ಒಬ್ಬ ಗಂಡಸು. ಹಿಂದಿಯ 'ಡಿಸ್ಕೋ ಡಾನ್ಸರ್' (1982) ನೋಡಿದವರಿಗೆ ಮಿಥುನ್ ಚಕ್ರವರ್ತಿ. ಬಾಡಿಗೆ ಕ್ಯಾಸೆಟ್ಟಿನಲ್ಲಿ 'ಸ್ಯಾಟರ್ಡೇ ನೈಟ್ ಫೀವರ್' (1977) ನೋಡಿದವರಿಗೆ ಬಿಳಿ ಸೂಟಿನ ಜಾನ್ ಟ್ರವೋಲ್ಟಾ. ಈಚೆಗೆ ಈ ಎರಡನೆಯ ಚಿತ್ರವನ್ನು ಮತ್ತೆ ನೋಡಿದೆ. ಅದರೊಳಗೆ ಗಂಡು ಹೆಣ್ಣು ಕೈ ಹಿಡಿದು ಕುಣಿಯುವ ನೃತ್ಯವೊಂದಿದೆ, ಅಂದು ನಾನದನ್ನು ಗಮನಿಸಿಯೇ ಇರಲಿಲ್ಲ.

ಅದರ ಹೆಸರು ಹಸಲ್. 1970ರ ದಶಕದ ಮೊದಲ ವರ್ಷಗಳಲ್ಲಿ ನ್ಯೂಯಾರ್ಕಿನ ಸೌತ್ ಬ್ರಾಂಕ್ಸ್‌ನಲ್ಲಿ ಪೋರ್ಟೊ ರಿಕೊ ಮೂಲದ ಹದಿಹರೆಯದವರು ಕಟ್ಟಿಕೊಂಡ ಕುಣಿತ ಅದು. ಅದಕ್ಕೆ ಹತ್ತು ವರ್ಷ ಮೊದಲೇ ಟ್ವಿಸ್ಟ್ ಬಂದು ಜೋಡಿಗಳ ಕೈ ಬಿಡಿಸಿತ್ತು; ಎದುರುಬದುರು ನಿಂತು ಅವರವರ ಪಾಡಿಗೆ ಅವರು ಕುಣಿಯುತ್ತಿದ್ದರು. ಈ ಮಕ್ಕಳು ಮತ್ತೆ ಕೈ ಹಿಡಿದರು. 1975ರಲ್ಲಿ ವ್ಯಾನ್ ಮೆಕಾಯ್ ಅವರ 'ದಿ ಹಸಲ್' ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದಾಗ ಕೇರಿಯ ಕುಣಿತ ದೇಶದ ಕುಣಿತವಾಯಿತು.

ಹಸಲ್‌ನಲ್ಲಿ ಹಲವು ಬಗೆಗಳಿವೆ. ನ್ಯೂಯಾರ್ಕಿನ ಬಗೆಯಲ್ಲಿ ಹಾಡಿನ ಲೆಕ್ಕ ನಾಲ್ಕು, ಹೆಜ್ಜೆಯ ಲೆಕ್ಕ ಮೂರು; ಆ ಮೂರರೊಳಗೇ ನಾಲ್ಕು ಹೆಜ್ಜೆ ಇಡಬೇಕು. ಸಂಗೀತದ ಪಾಠಕ್ಕೆ ಕೂತು ತೊಡೆಯ ಮೇಲೆ ತಾಳ ಹಾಕಿದವರಿಗೆ ಇದರ ಸುಖ ಗೊತ್ತು. ಎರಡು ಲೆಕ್ಕಗಳು ಬೇರೆ ಬೇರೆ ನಡೆದು, ಹನ್ನೆರಡು ಪೆಟ್ಟು ಮುಗಿಯುತ್ತಲೇ ಮತ್ತೆ ಕೂಡುತ್ತವೆ. ಕೈಯ ಹಿಡಿತವೂ ಹಾಗೇ ಹಗುರ. ಗಂಡು ಸೂಚನೆ ಕೊಡುತ್ತಾನೆ, ಹೆಣ್ಣು ತನ್ನ ಕಾಲ ಮೇಲೆ ತಾನೇ ತಿರುಗುತ್ತಾಳೆ. ಬಿಗಿಯಾಗಿ ಹಿಡಿದು ಎಳೆದರೆ ಸುತ್ತು ಕೆಡುತ್ತದೆ. ಈ ನೃತ್ಯದ ಚೆಲುವೆಲ್ಲ ಈ ಹಿಡಿದೂ ಹಿಡಿಯದ ಕೈಯಲ್ಲಿದೆ ಎಂದು ನನಗನ್ನಿಸುತ್ತದೆ.

ಚಿತ್ರದ ಕೊನೆಯ ಭಾಗದಲ್ಲಿ ಜೋಡಿ ನೃತ್ಯದ ಸ್ಪರ್ಧೆಯಿದೆ. ನಾಯಕ ಟೋನಿ ಇಟಲಿ ಮೂಲದವನು, ಆ ಕ್ಲಬ್ಬಿನ ಕಣ್ಮಣಿ. ಅವನೂ ಸ್ಟೆಫನಿಯೂ ಕುಣಿದ ಮೇಲೆ ಪೋರ್ಟೊ ರಿಕೊದ ಜೋಡಿಯೊಂದು ಬಂದು ಅವರನ್ನು ಮೀರಿಸುತ್ತದೆ. ಬಹುಮಾನ ಬರುವುದು ಮಾತ್ರ ಟೋನಿಗೆ. ತಮ್ಮವನೆಂದು ಕೊಟ್ಟರೆಂಬುದು ಅವನಿಗೇ ತಿಳಿದು, ನಾಚಿ, ಬಹುಮಾನವನ್ನು ಆ ಜೋಡಿಯ ಕೈಗಿಟ್ಟು ಹೊರನಡೆಯುತ್ತಾನೆ. ನೃತ್ಯ ಯಾರದೆಂದು ಚಿತ್ರ ಒಪ್ಪಿಕೊಳ್ಳುವ ಗಳಿಗೆ ಇದು. ಆದರೆ ಆ ಜೋಡಿಗೆ ಕಥೆಯಲ್ಲಿ ಸಿಕ್ಕ ಜಾಗವೂ ಅಷ್ಟೇ.

ಈ ಒಳ್ಳೆಯತನಕ್ಕೆ ಮೆಚ್ಚಿ ನಾವಿನ್ನೂ ಕಣ್ಣೊರೆಸಿಕೊಳ್ಳುತ್ತಿರುವಾಗಲೇ, ಅದೇ ಟೋನಿ ಹೊರಗೆ ಕಾರಿನಲ್ಲಿ ಸ್ಟೆಫನಿಯ ಮೇಲೆ ಬಲಾತ್ಕಾರಕ್ಕೆ ಇಳಿಯುತ್ತಾನೆ. ಅವಳು ಹೋರಾಡಿ ಬಿಡಿಸಿಕೊಂಡು ಓಡುತ್ತಾಳೆ. ಅವನನ್ನೇ ನಂಬಿ ಸುತ್ತುತ್ತಿದ್ದ ಅನೆಟ್‌ಳನ್ನು ಗೆಳೆಯರು ಹಿಂದಿನ ಸೀಟಿನಲ್ಲಿ ಕೆಡಿಸುತ್ತಾರೆ. ಮುಂದೆ ಕೂತ ಟೋನಿ ಕೊನೆಗೆ ಅವಳನ್ನೇ ಹಳಿಯುತ್ತಾನೆ. ಬೇರೆ ಜನಾಂಗದ ಜೋಡಿಗಾದ ಅನ್ಯಾಯ ಕಂಡವನಿಗೆ ಪಕ್ಕದ ಹೆಣ್ಣಿಗಾಗುತ್ತಿದ್ದದ್ದು ಅನ್ಯಾಯವೆನಿಸಲಿಲ್ಲ.

ಚಿತ್ರ ಇದನ್ನು ಮುಚ್ಚಿಡುವುದಿಲ್ಲ, ಅದು ಅದರ ಹೆಚ್ಚುಗಾರಿಕೆ. ಆದರೆ ಮರುದಿನ ಬೆಳಗಾಗುವಷ್ಟರಲ್ಲಿ ಸ್ಟೆಫನಿ ಅವನನ್ನು ಮನೆಯೊಳಗೆ ಕರೆದು ಸ್ನೇಹಕ್ಕೆ ಒಪ್ಪುತ್ತಾಳೆ. ಅನೆಟ್ ಏನಾದಳೆಂದು ಯಾರೂ ಕೇಳುವುದಿಲ್ಲ. ಇಲ್ಲಿ ಚಿತ್ರ ತನ್ನ ನಾಯಕನನ್ನು ಬಲು ಬೇಗ ಕ್ಷಮಿಸಿಬಿಟ್ಟಿತು ಎಂಬುದೇ ನನ್ನ ತಕರಾರು.

ಇಷ್ಟೆಲ್ಲ ಇದ್ದ ಚಿತ್ರದಿಂದ ನಾನು ಇಷ್ಟು ವರ್ಷ ನೆನಪಿಟ್ಟುಕೊಂಡದ್ದು ಒಂದು ಬಿಳಿ ಸೂಟು, ಮೇಲೆತ್ತಿದ ಒಂದು ಬೆರಳು! ಹಸಲ್ ಕಲಿಯುವವರಿಗೆ ಹೆಜ್ಜೆಗಳು ಬೇಗ ಬಂದಾವು. ಹಾಡು ನಿಂತ ಮೇಲೂ ಕೈ ಅಷ್ಟೇ ಹಗುರವಾಗಿ ಉಳಿಯುವುದು ಮಾತ್ರ ಕಷ್ಟದ ವಿದ್ಯೆ. ಟೋನಿಗೆ ಅದು ಬರಲಿಲ್ಲ.